ನಾಲ್ಕು ಜನ ಏನಂದುಕೊಂಡಾರು?

ಪ್ರಶ್ನೆ: ಸಿನಿಮಾಗಳಲ್ಲಿ 1920ರ ದಶಕದ ಅಮೆರಿಕ ಅಂದರೆ ಬರೀ ಗಿಡ್ಡ ಲಂಗ, ಜಾಝ್ ಸಂಗೀತ, ಕದ್ದು ಕುಡಿಯುವ ಹೆಂಡ. 1929ರಲ್ಲಿ ಷೇರುಪೇಟೆ ಬಿದ್ದ ಮೇಲೆ ಬರೀ ಬಡತನ, ಬ್ರೆಡ್ಡಿಗೆ ಸಾಲು. ಎರಡು ಮಹಾಯುದ್ಧಗಳ ನಡುವೆ ಸಾಮಾನ್ಯ ಅಮೆರಿಕನ್ನರ ಬದುಕು ನಿಜವಾಗಿ ಎಷ್ಟು ಬದಲಾಯಿತು? ಬಡತನ ಬಂದಾಗ ಆ ಬದಲಾವಣೆ ಉಳಿಯಿತಾ, ಅಳಿಸಿಹೋಯಿತಾ? ಆಗ ಅಲ್ಲಿದ್ದ ಭಾರತೀಯರ ಪಾಡು ಏನಾಗಿತ್ತು?

ಉತ್ತರ: ಸಿನಿಮಾದವರನ್ನು ಪೂರ್ತಿ ಬೈಯುವ ಹಾಗಿಲ್ಲ. ಮಣಿ ಪೋಣಿಸಿದ ಗಿಡ್ಡ ಉಡುಪು ಹಾಕಿಕೊಂಡು ಬೆಳಗಿನ ಜಾವದವರೆಗೆ ಕುಣಿದವರು ಇದ್ದರು. ಆದರೆ ಅವರು ನ್ಯೂಯಾರ್ಕ್, ಷಿಕಾಗೋದಂಥ ದೊಡ್ಡ ನಗರಗಳ ಕಾಸಿದ್ದ ಮಂದಿ. 1920ರ ಜನಗಣತಿಯಲ್ಲಿ ಮೊದಲ ಸಲ ಅರ್ಧಕ್ಕಿಂತ ಜಾಸ್ತಿ ಅಮೆರಿಕನ್ನರು ಪಟ್ಟಣವಾಸಿಗಳು ಅಂತ ಲೆಕ್ಕ ಸಿಕ್ಕಿತು. ಪುಸ್ತಕಗಳಲ್ಲಿ ಇದನ್ನು ದೊಡ್ಡದಾಗಿ ಬರೆದಿರುತ್ತಾರೆ. ಆದರೆ ಆ ಲೆಕ್ಕದಲ್ಲಿ 2,500 ಜನ ಇದ್ದ ಊರೂ ಪಟ್ಟಣವೇ! ಅಂಥ ಊರಲ್ಲಿ ಒಂದು ಮುಖ್ಯ ಬೀದಿ, ಒಂದೆರಡು ಚರ್ಚು, ಒಂದು ಬ್ಯಾಂಕು. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಎದ್ದು ಹೋದರು ಅನ್ನುವುದು ಎಲ್ಲರಿಗೂ ಗೊತ್ತು. ಉಳಿದವರೆಲ್ಲ ಹಳ್ಳಿಗಳಲ್ಲಿ, ಹೊಲಮನೆಗಳಲ್ಲಿ. 1930 ಬಂದರೂ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟು ಇತ್ತು.

ಹಾಗಾದರೆ ಬದಲಾದದ್ದು ಏನು? ನಾವು ಮಾತುಮಾತಿಗೆ ‘ನಾಲ್ಕು ಜನ ಏನಂದುಕೊಂಡಾರು’ ಅನ್ನುತ್ತೇವಲ್ಲ, ಆ ನಾಲ್ಕು ಜನ ಬದಲಾದರು. ಯುದ್ಧಕ್ಕೆ ಮುಂಚೆ ಅವರು ಪಕ್ಕದ ಮನೆಯವರು, ಪಾದ್ರಿ, ಅತ್ತೆ, ಅಂಗಡಿಯವನು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆ ಜಾಗಕ್ಕೆ ಯಾರೂ ಕಣ್ಣಾರೆ ಕಾಣದ ದೂರದ ಮಂದಿ ಬಂದಿದ್ದರು. ರೇಡಿಯೊದ ದನಿ, ಪತ್ರಿಕೆಯ ಜಾಹೀರಾತು, ತೆರೆಯ ಮೇಲಿನ ನಟಿ. ಮಿಕ್ಕಿದ್ದನ್ನೆಲ್ಲ ನಾನು ಈ ಒಂದು ದಾರದಲ್ಲೇ ಪೋಣಿಸುತ್ತೇನೆ. ಬೇರೆಯವರು ಬೇರೆ ಥರ ಹೇಳಬಹುದು.

ಜಗಲಿಯಿಂದ ಶುರು ಮಾಡೋಣ. ಅಮೆರಿಕದ ಮಧ್ಯಮ ವರ್ಗದ ಮನೆಗಳ ಮುಂದೆ ಒಂದು ಜಗಲಿ ಇರುತ್ತಿತ್ತು. ಹುಡುಗ ಹುಡುಗಿಯ ಜೊತೆ ಮಾತಾಡಬೇಕಾದರೆ ಅವಳ ಮನೆಗೇ ಬರಬೇಕು. ಅದೂ ಸುಮ್ನೆ ಬರುವ ಹಾಗಿಲ್ಲ. ಹುಡುಗಿಯ ಕಡೆಯಿಂದ, ಮೊದಮೊದಲು ಅವಳ ಅಮ್ಮನ ಕಡೆಯಿಂದ, ಕರೆ ಬರಬೇಕು. ಬಂದವನಿಗೆ ಜಗಲಿಯಲ್ಲೋ ಪಡಸಾಲೆಯಲ್ಲೋ ಕುರ್ಚಿ, ಕುಡಿಯಲು ನಿಂಬೆ ಪಾನಕ. ಅಮ್ಮ ಒಳಗೆ ಹೆಣಿಗೆ ಹಿಡಿದು ಕೂತಿರುತ್ತಾಳೆ, ಕಿವಿ ಮಾತ್ರ ಹೊರಗೆ.

ಕಾರು ಈ ಜಗಲಿಯನ್ನು ಕಿತ್ತುಹಾಕಿತು. 1908ರಲ್ಲಿ 850 ಡಾಲರ್ ಇದ್ದ ಫೋರ್ಡ್ ಮಾಡೆಲ್-ಟಿ ಕಾರು 1924ರ ಹೊತ್ತಿಗೆ 290 ಡಾಲರಿಗೆ ಸಿಗುತ್ತಿತ್ತು. 1920ರಲ್ಲಿ ಸುಮಾರು 80 ಲಕ್ಷ ಕಾರುಗಳಿದ್ದ ದೇಶದಲ್ಲಿ 1929ಕ್ಕೆ ಸುಮಾರು 2 ಕೋಟಿ 30 ಲಕ್ಷ ಆದವು. ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು ಲೆಕ್ಕ. 1919ರಲ್ಲಿ ತಯಾರಾದ ಹತ್ತು ಕಾರುಗಳಲ್ಲಿ ಒಂಬತ್ತು ತೆರೆದ ಕಾರು. ಮೇಲೆ ಬಟ್ಟೆಯ ಹೊದಿಕೆ, ಪಕ್ಕಕ್ಕೆ ಗಾಜಿಲ್ಲ. 1927ರಲ್ಲಿ ಹತ್ತರಲ್ಲಿ ಎಂಟಕ್ಕೂ ಜಾಸ್ತಿ ಕಾರುಗಳಿಗೆ ಗಟ್ಟಿ ಮಾಡು, ಬಾಗಿಲು, ಕಿಟಕಿ ಗಾಜು. ಅಂದರೆ ಎಂಟೇ ವರ್ಷದಲ್ಲಿ ಕಾರು ಗಾಡಿಯಿಂದ ಕೋಣೆಯಾಯಿತು. ಮಳೆಯಲ್ಲೂ ಚಳಿಯಲ್ಲೂ ಇಬ್ಬರು ಕೂರಬಹುದಾದ, ಊರಾಚೆ ಒಯ್ದು ನಿಲ್ಲಿಸಬಹುದಾದ ಕೋಣೆ. ಅಮ್ಮನ ಕಿವಿ ಅಲ್ಲಿಗೆ ಎಟುಕುತ್ತಿರಲಿಲ್ಲ.

ಇದನ್ನು ಬರೀ ಬಿಡುಗಡೆಯ ಕತೆ ಮಾಡಿ ಹೇಳುವುದುಂಟು. ನನಗೆ ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಜಗಲಿಯ ಕಾಲದಲ್ಲಿ ಕರೆಯುವ ಹಕ್ಕು ಹುಡುಗಿಯದು, ಜಾಗ ಅವಳದು, ಸಾಕು ಎದ್ದು ಹೋಗು ಅನ್ನುವ ಮಾತೂ ಅವಳ ಮನೆಯದು. ಕಾರಿನ ಕಾಲದಲ್ಲಿ ಹುಡುಗ ಕರೆಯುತ್ತಾನೆ, ಅವನೇ ಕರೆದೊಯ್ಯುತ್ತಾನೆ, ಸಿನಿಮಾ ಟಿಕೆಟ್ಟಿಗೂ ಐಸ್‌ಕ್ರೀಮಿಗೂ ಅವನೇ ದುಡ್ಡು ಕೊಡುತ್ತಾನೆ. ದುಡ್ಡು ಕೊಟ್ಟವನು ಏನಾದರೂ ನಿರೀಕ್ಷೆ ಮಾಡುತ್ತಾನೆ, ಅಲ್ವಾ? ಊರಿನ ಕಣ್ಣು ತಪ್ಪಿತು ನಿಜ. ಆ ಕಣ್ಣು ಕೊಡುತ್ತಿದ್ದ ಕಾವಲೂ ಅದರ ಜೊತೆಗೇ ಹೋಯಿತು.

1924ರ ಆರಂಭದಲ್ಲಿ ರಾಬರ್ಟ್ ಲಿಂಡ್, ಹೆಲೆನ್ ಲಿಂಡ್ ಅನ್ನುವ ದಂಪತಿ ಇಂಡಿಯಾನಾ ರಾಜ್ಯದ ಮನ್ಸಿ ಅನ್ನುವ ಮಧ್ಯಮ ಗಾತ್ರದ ಊರಿಗೆ ಹೋಗಿ ಮನೆಮನೆ ವಿಚಾರಿಸತೊಡಗಿದರು. ದೂರದ ಬುಡಕಟ್ಟುಗಳನ್ನು ಅಧ್ಯಯನ ಮಾಡುವ ಹಾಗೆ ತಮ್ಮದೇ ಜನರನ್ನು ನೋಡಬೇಕು ಅನ್ನುವುದು ಅವರ ಹಂಬಲ. ಮಾಸಲು ಮನೆಗಳಲ್ಲಿದ್ದ, ಆದರೆ ಕಾರಿದ್ದ 26 ಕಾರ್ಮಿಕ ಕುಟುಂಬಗಳನ್ನು ಅವರು ಸ್ನಾನದ ತೊಟ್ಟಿ ಇದೆಯಾ ಅಂತ ಕೇಳಿದರು. 21 ಮನೆಗಳಲ್ಲಿ ಇರಲಿಲ್ಲ. ಕಾರು ಬಾಗಿಲ ಮುಂದೆ ನಿಂತಿರುತ್ತದೆ, ನಾಲ್ಕು ಜನಕ್ಕೆ ಕಾಣುತ್ತದೆ. ತೊಟ್ಟಿ ಯಾರಿಗೆ ಕಾಣುತ್ತದೆ?

ಕಾರಿಗೆ ದುಡ್ಡು ಎಲ್ಲಿಂದ ಬಂತು ಅಂದರೆ, ಕಂತಿನಿಂದ. ಹಳೆಯ ತಲೆಮಾರಿನ ಮಧ್ಯಮ ವರ್ಗಕ್ಕೆ ಸಾಲ ಮಾಡಿ ಸಾಮಾನು ತರುವುದು ಮಾನಗೇಡು. ಹೆನ್ರಿ ಫೋರ್ಡ್ ಕೂಡ ಅದೇ ಮನೋಭಾವದವನು. 1923ರಲ್ಲಿ ಅವನ ಕಂಪನಿ ಒಂದು ಯೋಜನೆ ತಂದಿತು. ವಾರಕ್ಕೆ 5 ಡಾಲರಿನಂತೆ ಬ್ಯಾಂಕಿನಲ್ಲಿ ಕಟ್ಟುತ್ತಾ ಹೋಗಿ, ಪೂರ್ತಿ ಮೊತ್ತ ತುಂಬಿದ ಮೇಲೆ ಕಾರು ತಗೊಂಡು ಹೋಗಿ. ಹೆಚ್ಚುಕಮ್ಮಿ ನಮ್ಮ ಚೀಟಿ ಕಟ್ಟಿದ ಹಾಗೆ. ಅತ್ತ ಜನರಲ್ ಮೋಟಾರ್ಸ್ 1919ರಲ್ಲೇ ಸಾಲ ಕೊಡುವ ತನ್ನದೇ ಕಂಪನಿ ಮಾಡಿಕೊಂಡಿತ್ತು. ಮುಂಗಡ ಕೊಡಿ, ಕಾರು ಇವತ್ತೇ ಓಡಿಸಿ, ಮಿಕ್ಕದ್ದು ತಿಂಗಳು ತಿಂಗಳು ಕಟ್ಟಿ. ಯಾರು ಗೆದ್ದರು ಅಂತ ಹೇಳಬೇಕಾಗಿಲ್ಲ. ಇಪ್ಪತ್ತರ ದಶಕ ಮುಗಿಯುವಾಗ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಕಾರುಗಳು ಕಂತಿನ ಮೇಲೆಯೇ ಮಾರಾಟ ಆಗುತ್ತಿದ್ದವು. ರೇಡಿಯೊ, ಬಟ್ಟೆ ಒಗೆಯುವ ಮೆಷಿನ್ನು, ಪಿಯಾನೊ ಎಲ್ಲಕ್ಕೂ ಅದೇ ದಾರಿ. ಒಂದು ದಶಕದಲ್ಲಿ ಸಾಲ ಅನ್ನುವ ನಾಚಿಕೆ ಕಂತು ಅನ್ನುವ ಅನುಕೂಲ ಆಗಿಹೋಯಿತು. ನನ್ನ ಮಟ್ಟಿಗೆ ಇದು ಜಾಝ್‌ಗಿಂತ ದೊಡ್ಡ ಕ್ರಾಂತಿ.

ಹೆಂಗಸರ ಬಗ್ಗೆ ಎರಡು ಮಾತು. 1920ರ ಆಗಸ್ಟಿನಲ್ಲಿ 19ನೇ ತಿದ್ದುಪಡಿಯಿಂದ ಅವರಿಗೆ ಮತದ ಹಕ್ಕು ಬಂತು. ದಕ್ಷಿಣದ ರಾಜ್ಯಗಳ ಕಪ್ಪು ಹೆಂಗಸರನ್ನು ಮಾತ್ರ ಮತ್ತೂ ನಾಲ್ಕೂವರೆ ದಶಕ ನಾನಾ ನೆಪ ಹೇಳಿ ಮತಗಟ್ಟೆಯಿಂದ ದೂರ ಇಟ್ಟರು. ಕೂದಲು ಗಿಡ್ಡವಾಯಿತು, ಒಳಉಡುಪಿನ ಬಿಗಿ ಸಡಿಲವಾಯಿತು, ಸರಿ. ಆದರೆ ಅಡುಗೆಮನೆಯಲ್ಲಿ ನಡೆದದ್ದು ಬೇರೆಯೇ. ಇಸ್ತ್ರಿಪೆಟ್ಟಿಗೆ, ಕಸ ಹೀರುವ ಮೆಷಿನ್ನು, ಬಟ್ಟೆ ಒಗೆಯುವ ಮೆಷಿನ್ನು ಬಂದವು. ಮನೆಗೆಲಸ ಕಮ್ಮಿಯಾಗಬೇಕಿತ್ತು, ಆಗಲಿಲ್ಲ. ಮುಂಚೆ ಎಷ್ಟೋ ಮಧ್ಯಮ ವರ್ಗದ ಮನೆಗಳು ಬಟ್ಟೆಯನ್ನು ಲಾಂಡ್ರಿಗೆ ಕಳಿಸುತ್ತಿದ್ದವು, ಇಲ್ಲ ಒಗೆಯುವವಳು ಮನೆಗೇ ಬರುತ್ತಿದ್ದಳು. ಮೆಷಿನ್ನು ಬಂದ ಮೇಲೆ ಆ ಕೆಲಸ ಮನೆಯೊಡತಿಯ ತಲೆಗೇ ವಾಪಸ್ ಬಂತು. ವಾರಕ್ಕೆರಡು ಸಲ ಬದಲಾಗುತ್ತಿದ್ದ ಅಂಗಿ ದಿನಾ ಬದಲಾಗಬೇಕಾಯಿತು. ನಿಮ್ಮ ಮಗುವಿನ ಕಾಲರ್ ಬೆಳ್ಳಗಿದೆಯಾ, ನಿಮ್ಮ ಬಾಯಿ ವಾಸನೆ ಬರುತ್ತಿದೆಯಾ ಅಂತ ಕೇಳುವ ಜಾಹೀರಾತುಗಳು ಪತ್ರಿಕೆಗಳ ತುಂಬ. ಪಕ್ಕದ ಮನೆಯವಳು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದುದನ್ನು ಈಗ ಕಂಪನಿಯೇ ಅಚ್ಚು ಹಾಕಿಸಿ ಕೇಳುತ್ತಿತ್ತು.

ಇನ್ನು ರೇಡಿಯೊ. 1920ರ ನವೆಂಬರ್ 2ರ ರಾತ್ರಿ ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ಅಧ್ಯಕ್ಷ ಚುನಾವಣೆಯ ಫಲಿತಾಂಶ ಓದಿತು. ಕೇಳಿದವರು ಬೆರಳೆಣಿಕೆಯ ಹವ್ಯಾಸಿಗಳು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡವರು. 1930ಕ್ಕೆ ನೂರರಲ್ಲಿ ಸುಮಾರು 40 ಮನೆಗಳಲ್ಲಿ, 1940ಕ್ಕೆ 80ಕ್ಕೂ ಜಾಸ್ತಿ ಮನೆಗಳಲ್ಲಿ ರೇಡಿಯೊ ಇತ್ತು. ನಡುವೆ ಬಂದ ಮಹಾ ಕುಸಿತ ಅದನ್ನು ತಡೆಯಲಿಲ್ಲ, ಗಮನಿಸಿ. ಇಪ್ಪತ್ತರ ದಶಕದ ಕೊನೆಗೆ ಸಂಜೆ ಒಂದು 15 ನಿಮಿಷದ ಹಾಸ್ಯ ಕಾರ್ಯಕ್ರಮ ಬರುತ್ತಿತ್ತು. ಅದನ್ನು ಬಿಟ್ಟು ಜನ ಸಿನಿಮಾಗೆ ಬರುತ್ತಿರಲಿಲ್ಲ. ಕೊನೆಗೆ ಚಿತ್ರಮಂದಿರದವರೇ ಆ ಹೊತ್ತಿಗೆ ರೀಲು ನಿಲ್ಲಿಸಿ ರೇಡಿಯೊ ಹಾಕಬೇಕಾಯಿತು. ದೇಶವೆಲ್ಲ ಒಂದೇ ಗಳಿಗೆಯಲ್ಲಿ ಒಂದೇ ಮಾತಿಗೆ ನಕ್ಕಿತು. ಯಾವ ಮಾತಿಗೆ? ಇಬ್ಬರು ಬಿಳಿಯ ನಟರು ಕಪ್ಪು ಜನರ ದನಿ, ಮಾತಿನ ಧಾಟಿಯನ್ನು ಅಣಕಿಸಿ ಆಡುತ್ತಿದ್ದ ಮಾತಿಗೆ.

ಆ ಕಪ್ಪು ಜನರ ಕತೆ ಈ ಕಾಲದ ಅತಿ ದೊಡ್ಡ ಸ್ಥಳಾಂತರದ ಕತೆ. 1910ರಲ್ಲಿ ಷಿಕಾಗೋದಲ್ಲಿ ಸುಮಾರು 44,000 ಕಪ್ಪು ಜನರಿದ್ದರು. 1930ಕ್ಕೆ ಸುಮಾರು 2,34,000. ದಕ್ಷಿಣದ ಹತ್ತಿ ಹೊಲಗಳ ಪಾಲುಗೇಣಿ, ಸಾಲ, ಗುಂಪು ಸೇರಿ ಕೊಲ್ಲುವ ಭಯ ಬಿಟ್ಟು ರೈಲು ಹತ್ತಿದವರು. ಷಿಕಾಗೋದಿಂದ ಹೊರಡುತ್ತಿದ್ದ ‘ಡಿಫೆಂಡರ್’ ಪತ್ರಿಕೆಯನ್ನು ರೈಲಿನ ಪೋರ್ಟರುಗಳು ಕದ್ದುಮುಚ್ಚಿ ದಕ್ಷಿಣಕ್ಕೆ ಸಾಗಿಸುತ್ತಿದ್ದರು. ಒಂದೇ ಪ್ರತಿ ಹತ್ತು ಕೈ ದಾಟುತ್ತಿತ್ತು. ಓದು ಬಾರದವರಿಗೆ ಬೇರೆಯವರು ಓದಿ ಹೇಳುತ್ತಿದ್ದರು. ಆದರೆ ಬಂದಿಳಿದವರಿಗೆ ಅದೇ ಪತ್ರಿಕೆ, ಅಲ್ಲಿನ ಸಂಘದವರು ಬುದ್ಧಿವಾದದ ಪಟ್ಟಿಯನ್ನೂ ಕೊಡುತ್ತಿದ್ದರು. ಬೀದಿಯಲ್ಲಿ ಗಟ್ಟಿಯಾಗಿ ಮಾತಾಡಬೇಡಿ. ಮನೆಯ ಏಪ್ರನ್ನು, ತಲೆಗೆ ಕಟ್ಟಿದ ಬಟ್ಟೆಯಲ್ಲೇ ಹೊರಗೆ ಬರಬೇಡಿ. ಅಷ್ಟು ಹೊತ್ತಿಗೆ ಅಲ್ಲಿ ನೆಲೆ ನಿಂತಿದ್ದ ಕಪ್ಪು ಕುಟುಂಬಗಳಿಗೆ ಬಿಳಿಯರ ನಾಲ್ಕು ಕಣ್ಣುಗಳ ಹೆದರಿಕೆ. ಹೆದರಿಕೆಗೆ ಕಾರಣವೂ ಇತ್ತು. 1919ರ ಜುಲೈನಲ್ಲಿ ಮಿಶಿಗನ್ ಸರೋವರದಲ್ಲಿ ಈಜುತ್ತಿದ್ದ ಕಪ್ಪು ಹುಡುಗನೊಬ್ಬ ಬಿಳಿಯರ ಕಡೆಗೆ ತೇಲಿ ಹೋದ. ಕಲ್ಲು ಬಿತ್ತು, ಮುಳುಗಿದ. ಆಮೇಲಿನ ಗಲಭೆಯಲ್ಲಿ 38 ಜನ ಸತ್ತರು. ಮುಂದೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಹೆಸರು ಮಾಡಿದ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಯ ಮೇಲೆ ಕಪ್ಪು ಕಲಾವಿದರು, ಮೇಜುಗಳಲ್ಲಿ ಬಿಳಿಯ ಗಿರಾಕಿಗಳು. ಅದೇ ಬಡಾವಣೆಯ ಕಪ್ಪು ನಿವಾಸಿಗಳಿಗೆ ಒಳಗೆ ಪ್ರವೇಶವಿರಲಿಲ್ಲ.

ಹಳೆಯ ನಾಲ್ಕು ಜನ ಸುಮ್ಮನೆ ಜಾಗ ಬಿಟ್ಟುಕೊಡಲಿಲ್ಲ. ಮಾತಿನಿಂದ ಆಗದ್ದನ್ನು ಕಾನೂನಿನಿಂದ ಮಾಡಹೊರಟರು. 1920ರ ಜನವರಿಯಲ್ಲಿ ಪಾನನಿಷೇಧ ಜಾರಿಗೆ ಬಂತು. ಹೆಂಡ ಮಾಡುವುದು, ಮಾರುವುದು, ಸಾಗಿಸುವುದು ಅಪರಾಧ. ಕುಡಿಯುವುದು ಅಪರಾಧವಲ್ಲ! ಡಾಕ್ಟರ ಚೀಟಿ ತೋರಿಸಿದರೆ ಔಷಧಿ ಅಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು. ಒಣಗಿಸಿದ ದ್ರಾಕ್ಷಿಯ ಗಟ್ಟಿ ಇಟ್ಟಿಗೆಗಳು ಮಾರಾಟಕ್ಕೆ ಬಂದವು. ಇದನ್ನು ನೀರಿನಲ್ಲಿ ಕರಗಿಸಿ ಇಷ್ಟು ದಿನ ಇಡಬೇಡಿ, ಇಟ್ಟರೆ ವೈನ್ ಆದೀತು ಅನ್ನುವ ಎಚ್ಚರಿಕೆಯ ಜೊತೆ. ಓದಿದವರಿಗೆ ವಿಧಾನ ಸಿಕ್ಕಿತು. ಮೊದಮೊದಲು ಕುಡಿತ ನಿಜವಾಗಿ ಇಳಿಯಿತು, ಅದರಲ್ಲೂ ಕಾಸಿಲ್ಲದ ಕಾರ್ಮಿಕರಲ್ಲಿ. ಆದರೆ ಯಾರೂ ಎಣಿಸದ್ದು ಒಂದಾಯಿತು. ಹಳೆಯ ಸಲೂನು, ಅಂದರೆ ಹೆಂಡದಂಗಡಿ, ಗಂಡಸರ ಜಾಗ, ಮಾನವಂತ ಹೆಂಗಸರು ಅತ್ತ ಹಾಯುತ್ತಿರಲಿಲ್ಲ. ಅದನ್ನು ಮುಚ್ಚಿಸಿದ ಮೇಲೆ ಹುಟ್ಟಿದ ಕಳ್ಳ ಅಡ್ಡೆಗಳಲ್ಲಿ ಗಂಡಸರು ಹೆಂಗಸರು ಒಂದೇ ಮೇಜಿನಲ್ಲಿ ಕೂತರು. 1933ರ ಡಿಸೆಂಬರಿನಲ್ಲಿ ನಿಷೇಧ ಹೋಯಿತು, ಒಟ್ಟಿಗೆ ಕೂರುವುದು ಉಳಿಯಿತು.

ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ಸಂಘ ಇದೇ ಕಾಲದಲ್ಲಿ ಮತ್ತೆ ಬೆಳೆಯಿತು. ದಕ್ಷಿಣದಲ್ಲಷ್ಟೇ ಅಲ್ಲ, ಇಂಡಿಯಾನಾದಂಥ ಉತ್ತರದ ರಾಜ್ಯಗಳಲ್ಲೂ. ಕಪ್ಪು ಜನರ ಜೊತೆ ಕ್ಯಾಥೊಲಿಕರು, ಯಹೂದಿಗಳು, ವಲಸಿಗರು, ಕಳ್ಳಭಟ್ಟಿಯವರು, ಕತ್ತಲಲ್ಲಿ ಕಾರು ನಿಲ್ಲಿಸಿ ಕೂತ ಜೋಡಿಗಳು ಎಲ್ಲರೂ ಅದರ ಶತ್ರುಗಳು. ವಿಚಿತ್ರ ಏನಂದರೆ ಹಳೆಯದನ್ನು ಕಾಪಾಡುತ್ತೇವೆ ಅನ್ನುತ್ತಿದ್ದ ಈ ಸಂಘ ಬೆಳೆದದ್ದು ಅಪ್ಪಟ ಹೊಸ ಕಾಲದ ಮಾರಾಟ ತಂತ್ರದಿಂದ. ಸದಸ್ಯ ಶುಲ್ಕ 10 ಡಾಲರ್. ಅದರಲ್ಲಿ 4 ಡಾಲರ್ ಸದಸ್ಯನನ್ನು ಹಿಡಿದು ತಂದವನ ಕಮಿಷನ್. 1925ರ ಆಗಸ್ಟಿನಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸಾವಿರಾರು ಜನ ಬಿಳಿ ನಿಲುವಂಗಿ ತೊಟ್ಟು, ಮುಖವಾಡ ತೆಗೆದು ಹಗಲಲ್ಲೇ ನಡೆದರು. ನಾಲ್ಕು ಜನ ಏನಂದುಕೊಂಡಾರು ಅನ್ನುವ ಅಳುಕು ಅವರಿಗಿರಲಿಲ್ಲ. ಆ ನಾಲ್ಕು ಜನ ತಾವೇ ಅಂತ ಅವರ ನಂಬಿಕೆ. ಅದೇ ವರ್ಷ ಜುಲೈನಲ್ಲಿ ಟೆನೆಸ್ಸಿ ರಾಜ್ಯದ ಡೇಟನ್ ಊರಲ್ಲಿ ಕಾನೂನು ಮೀರಿ ವಿಕಾಸವಾದ ಪಾಠ ಮಾಡಿದ ಮೇಷ್ಟ್ರಿಗೆ 100 ಡಾಲರ್ ದಂಡ ಬಿದ್ದಿತ್ತು. ಆ ಕತೆ ನೀವು ಕೇಳಿರುತ್ತೀರಿ, ಬಿಡಿ.

ಈಗ ನಿಮ್ಮ ಎರಡನೇ ಪ್ರಶ್ನೆ. 1933ರಲ್ಲಿ ನಾಲ್ಕು ಜನ ದುಡಿಮೆಗಾರರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. 1930ರಿಂದ 33ರ ನಡುವೆ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಮದುವೆಗಳು ಮುಂದೆ ಹೋದವು, ಮಕ್ಕಳು ಕಮ್ಮಿಯಾದರು. ವಿಚ್ಛೇದನವೂ ಇಳಿಯಿತು. ಪ್ರೀತಿ ಉಕ್ಕಿ ಬಂದು ಅಂದುಕೊಳ್ಳಬೇಡಿ, ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಕೆಲಸ ಹೋದದ್ದನ್ನು ಹೇಳಲಾರದೆ ಬೆಳಿಗ್ಗೆ ಕೋಟು ಹಾಕಿ ಮನೆಯಿಂದ ಹೊರಟು, ಸಂಜೆಯವರೆಗೆ ಪಾರ್ಕಿನಲ್ಲಿ ಕೂತು ಬರುತ್ತಿದ್ದ ಗಂಡಸರಿದ್ದರು. ಗಂಡನಿಗೆ ಕೆಲಸವಿದ್ದರೆ ಹೆಂಡತಿಗೆ ಯಾಕೆ ಅಂತ ಎಷ್ಟೋ ಶಾಲೆಗಳು ಮದುವೆಯಾದ ಟೀಚರುಗಳನ್ನು ತೆಗೆದುಹಾಕಿದವು.

ಅಷ್ಟಾದರೂ ಜನ ಹಿಂದಿನ ಬದುಕಿಗೆ ಮರಳಲಿಲ್ಲ. ಏನನ್ನು ಬಿಟ್ಟರು, ಏನನ್ನು ಬಿಡಲಿಲ್ಲ ಅಂತ ನೋಡಿದರೆ ಗೊತ್ತಾಗುತ್ತದೆ. 1930ರಲ್ಲಿ ನೂರು ಹೊಲಮನೆಗಳಲ್ಲಿ ಸುಮಾರು 34ರಲ್ಲಿ ಟೆಲಿಫೋನು ಇತ್ತು, 58ರಲ್ಲಿ ಕಾರು. 1940ಕ್ಕೆ ಟೆಲಿಫೋನು 25ಕ್ಕೆ ಇಳಿದಿತ್ತು. ಕಾರು ಆಗಲೂ 58. ಹಳ್ಳಿಯ ಟೆಲಿಫೋನು ಅಂದರೆ ಇಡೀ ದಾರಿಗೆ ಒಂದೇ ತಂತಿ. ಒಂದು ಮನೆಗೆ ಕರೆ ಬಂದರೆ ಎಲ್ಲ ಮನೆಯವರೂ ಮೆಲ್ಲಗೆ ಎತ್ತಿ ಕೇಳಬಹುದು. ಊರಿನ ಕಿವಿಯನ್ನು ಬಿಟ್ಟರು, ಊರು ದಾಟುವ ಚಕ್ರವನ್ನು ಇಟ್ಟುಕೊಂಡರು. ಕಾರಿನಲ್ಲಿ ಕೂತು ಬಡವರ ಛತ್ರಕ್ಕೆ ಹೋಗುವ ಜಗತ್ತಿನ ಮೊದಲ ದೇಶ ನಮ್ಮದೇ ಅಂತ ವಿಲ್ ರೋಜರ್ಸ್ ಅನ್ನುವ ಹಾಸ್ಯಗಾರ ಆಗ ಹೇಳಿದ್ದು ಸುಮ್ನೆ ಅಲ್ಲ.

ನನಗೆ ತುಂಬ ಇಷ್ಟವಾದ ವಸ್ತು ಹಿಟ್ಟಿನ ಚೀಲ. ಗೋಧಿ ಹಿಟ್ಟು, ಕೋಳಿ ಮೇವು ಎಲ್ಲ ಆಗ ಹತ್ತಿ ಬಟ್ಟೆಯ ಚೀಲದಲ್ಲಿ ಬರುತ್ತಿತ್ತು. ಬಡ ಮನೆಗಳ ಹೆಂಗಸರು ಅದನ್ನು ಬಿಚ್ಚಿ, ಕುದಿಸಿ, ಕಂಪನಿಯ ಹೆಸರನ್ನು ಉಜ್ಜಿ ತೆಗೆದು ಲಂಗ, ಅಂಗಿ ಹೊಲಿಯುತ್ತಿದ್ದರು. ಸರಿಯಾಗಿ ಹೋಗದಿದ್ದರೆ ಮಗುವಿನ ಚಡ್ಡಿಯ ಹಿಂದೆ ಗಿರಣಿಯ ಹೆಸರು. ಗಿರಣಿಯವರಿಗೆ ಇದು ಗೊತ್ತಾಯಿತು. ತೊಳೆದರೆ ಹೋಗುವ ಶಾಯಿ ಬಂತು. ಆಮೇಲೆ ಚೀಲವೇ ಹೂವಿನ ಅಚ್ಚಿನದು, ಚುಕ್ಕಿಯದು, ಗೆರೆಯದು. ದೊಡ್ಡವರ ಒಂದು ಉಡುಪಿಗೆ ಸುಮಾರು ಮೂರು ಚೀಲ ಬೇಕು, ಮೂರೂ ಒಂದೇ ಅಚ್ಚಿನವಾಗಬೇಕು. ಹಾಗಾಗಿ ಮೇವು ತರಲು ಹೋದ ಗಂಡ ಕೈಯಲ್ಲಿ ಚೂರು ಬಟ್ಟೆ ಹಿಡಿದು, ರಾಶಿಯ ತಳದ ಚೀಲವೇ ಬೇಕು ಅಂತ ಅಂಗಡಿಯವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದ. ಬಡತನ ನಿಜ. ಆದರೆ ಪತ್ರಿಕೆಯಲ್ಲಿ ನೋಡಿದ ನಮೂನೆಯಲ್ಲೇ ಹೊಲಿಯಬೇಕು ಅನ್ನುವ ಆಸೆಯೂ ಅಷ್ಟೇ ನಿಜ. ಚಿತ್ರಮಂದಿರಗಳು ವಾರಕ್ಕೊಂದು ರಾತ್ರಿ ಟಿಕೆಟ್ಟಿನ ಜೊತೆ ಒಂದು ತಟ್ಟೆಯನ್ನೋ ಬಟ್ಟಲನ್ನೋ ಉಚಿತ ಕೊಡುತ್ತಿದ್ದವು. ಸೆಟ್ಟು ಪೂರ್ತಿಯಾಗಬೇಕಾದರೆ ವಾರ ವಾರ ಸಿನಿಮಾಗೆ ಹೋಗಬೇಕು.

ಕುಸಿತ ಇನ್ನೊಂದು ಹೊಸ ಗುಂಪನ್ನೇ ಸೃಷ್ಟಿಸಿತು, ಹದಿಹರೆಯದವರನ್ನು. ಕೆಲಸವೇ ಇಲ್ಲದ ಕಾಲದಲ್ಲಿ ಹುಡುಗರು ಹೈಸ್ಕೂಲಿನಲ್ಲೇ ಉಳಿದರು. 1920ರಲ್ಲಿ ಆರು ಜನರಲ್ಲಿ ಒಬ್ಬರು ಹೈಸ್ಕೂಲು ಮುಗಿಸುತ್ತಿದ್ದರೆ 1940ಕ್ಕೆ ಸುಮಾರು ಅರ್ಧದಷ್ಟು ಮಂದಿ ಮುಗಿಸಿದರು. ದಿನವೆಲ್ಲ ತಮ್ಮ ವಯಸ್ಸಿನವರ ಜೊತೆಗೇ ಇದ್ದ ಈ ಮಕ್ಕಳಿಗೆ ನಾಲ್ಕು ಜನ ಅಂದರೆ ಪಕ್ಕದ ಬೆಂಚಿನವರು. ಅಪ್ಪ ಅಮ್ಮ ಅಲ್ಲ.

ಸರ್ಕಾರ ಮನೆಯೊಳಗೆ ಬಂದದ್ದೂ ಆಗಲೇ. 1933ರ ಮಾರ್ಚ್ 12ರ ಭಾನುವಾರ ರಾತ್ರಿ ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೊದಲ್ಲಿ ಬ್ಯಾಂಕು ಹೇಗೆ ನಡೆಯುತ್ತದೆ ಅಂತ ಮೇಷ್ಟ್ರ ಹಾಗೆ ಬಿಡಿಸಿ ಹೇಳಿದರು. ಮರುದಿನದಿಂದ ಬ್ಯಾಂಕುಗಳು ಬಾಗಿಲು ತೆರೆದಾಗ ಜನ ಹಾಸಿಗೆ ಕೆಳಗಿನ ದುಡ್ಡನ್ನು ತಂದು ಕಟ್ಟಿದರು. ಅಧ್ಯಕ್ಷರಿಗೆ ಜನರ ಪತ್ರಗಳು ರಾಶಿ ಬಿದ್ದವು, ನೆಂಟರಿಗೆ ಬರೆದ ಹಾಗೆ. 1935ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂತು. ಹೊಲದ ಕೂಲಿಗಳು, ಮನೆಗೆಲಸದವರು ಅದರಿಂದ ಹೊರಗೆ. ದಕ್ಷಿಣದ ಕಪ್ಪು ಜನರಲ್ಲಿ ಹೆಚ್ಚಿನವರು ಆ ಎರಡು ಕೆಲಸಗಳಲ್ಲೇ ಇದ್ದರು.

ಕೊನೆಗೆ ನಮ್ಮವರ ವಿಷಯ. ಅವರು ಕೆಲವೇ ಸಾವಿರ ಜನ. ಹೆಚ್ಚಿನವರು ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿಗಳು. 1917ರ ಕಾನೂನು ಹೊಸಬರಿಗೆ ಬಾಗಿಲು ಮುಚ್ಚಿತು, ಹೆಂಡತಿಯನ್ನು ಕರೆಸಿಕೊಳ್ಳುವ ದಾರಿಯೂ ಇಲ್ಲ. ಎಷ್ಟೋ ಮಂದಿ ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ಸಂಸಾರ ಕಟ್ಟಿಕೊಂಡರು. ಆಗ ಅಲ್ಲಿದ್ದ ಭಾರತೀಯರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವವರು ಮೊದಲ ಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದ್ದರು, ರುಮಾಲು ಬಿಡದೆ. 1918ರ ಡಿಸೆಂಬರಿನಲ್ಲಿ ಸಮವಸ್ತ್ರದಲ್ಲೇ ಪೌರತ್ವ ಪಡೆದರು. ನಾಲ್ಕು ದಿನಕ್ಕೆ ಅದನ್ನು ಕಿತ್ತುಕೊಂಡರು. 1920ರಲ್ಲಿ ಒರೆಗಾನಿನಲ್ಲಿ ಮತ್ತೆ ಪಡೆದರು. ಸರ್ಕಾರ ಅದರ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಆಗಿನ ಕಾನೂನಿನ ಪ್ರಕಾರ ವಲಸೆ ಬಂದವರಲ್ಲಿ ಬಿಳಿಯರು ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ.

ಅದರ ತೀರ್ಪಿಗೆ ಕೆಲವೇ ತಿಂಗಳ ಮುಂಚೆ ಅದೇ ಕೋರ್ಟು ಜಪಾನಿ ಅರ್ಜಿದಾರರೊಬ್ಬರಿಗೆ ಬಿಳಿಯ ಅಂದರೆ ಕಕೇಸಿಯನ್ ಕುಲದವನು, ನೀವು ಅಲ್ಲ ಅಂದಿತ್ತು. ಥಿಂಡ್ ಆ ಮಾತನ್ನೇ ಹಿಡಿದರು. ಆಗಿನ ಮಾನವಶಾಸ್ತ್ರದ ಪುಸ್ತಕಗಳಲ್ಲಿ ಉತ್ತರ ಭಾರತದವರು ಕಕೇಸಿಯನ್ ಗುಂಪಿನಲ್ಲೇ ಇದ್ದರು. 1923ರ ಫೆಬ್ರವರಿಯಲ್ಲಿ ತೀರ್ಪು ಬಂತು. ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಇವರು ಬಿಳಿಯರಲ್ಲ ಅಂತ. ಅಂದರೆ ನಾಲ್ಕು ಜನ ಏನಂದುಕೊಳ್ಳುತ್ತಾರೋ ಅದೇ ಕಾನೂನು. ಎರಡೂ ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಸ್ವತಃ ವಲಸಿಗರು, ಇಂಗ್ಲೆಂಡಿನಲ್ಲಿ ಹುಟ್ಟಿದವರು. ಆ ತೀರ್ಪಿನ ಮೇಲೆ ಎಷ್ಟೋ ಭಾರತೀಯರು ಮುಂಚೆ ಪಡೆದಿದ್ದ ಪೌರತ್ವವನ್ನೂ ಕಳೆದುಕೊಂಡರು.

1935ರಲ್ಲಿ ಮೊದಲ ಯುದ್ಧದ ಏಷ್ಯನ್ ಸೈನಿಕರಿಗೆ ಪೌರತ್ವ ಕೊಡುವ ಕಾನೂನು ಬಂತು. ಥಿಂಡ್ ಮತ್ತೆ ಅರ್ಜಿ ಹಾಕಿದರು. 1936ರಲ್ಲಿ ನ್ಯೂಯಾರ್ಕಿನಲ್ಲಿ ಅವರಿಗೆ ಪೌರತ್ವ ಸಿಕ್ಕಿತು. ಅದು ಮೂರನೇ ಸಲ.